ಅಪ್ಪನ ಉಪ್ಪುನೀರು ನಿಮ್ಮದು, ಆ ದಾರ ನಿಮ್ಮದಲ್ಲ

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮಪ್ಪ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ 22 ವರ್ಷದಿಂದ ದುಡಿಯುತ್ತಿದ್ದಾರೆ. ನಾನು ಬಿ.ಕಾಂ. ಕೊನೇ ವರ್ಷ. ಹೋದ ದೀಪಾವಳಿ ವಿಶೇಷಾಂಕವೊಂದರಲ್ಲಿ ದರ್ಜಿ ಅಪ್ಪ ಮತ್ತು ಅವನ ಮಗಳ ಕಥೆ ಓದಿದೆ. ಎರಡು ದಿನ ಅತ್ತಿದ್ದೇನೆ. ಆಮೇಲೆ ನಾನೂ ಒಂದು ಕಥೆ ಬರೆದೆ. ನನ್ನ ಕಥೆಯಲ್ಲಿ ಅಪ್ಪ ಭಟ್ಟಿ ಕೆಲಸದವನು. ಗೆಳತಿ ಓದಿ ‘ಇದು ಅದೇ ಕಥೆ ಕಣೇ’ ಅಂದುಬಿಟ್ಟಳು. ಸರ್, ಒಂದು ಸಾಲನ್ನೂ ನಾನು ನೋಡಿಕೊಂಡು ಬರೆದಿಲ್ಲ. ಇದು ಸ್ಫೂರ್ತಿಯೋ, ಕಾಪಿಯೋ? ಕಥಾಸ್ಪರ್ಧೆಗೆ ಕಳಿಸಬಹುದಾ? ಎರಡೂ ಕಥೆ ಜೊತೆಗಿಟ್ಟಿದ್ದೇನೆ.
ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ನಿಮ್ಮ ಕಥೆಯನ್ನೂ ಆ ವಿಶೇಷಾಂಕದ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಮೂರು ಸಲ ಓದಿದೆ. ಮೂರನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು. ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಇರುವ ಹಾಗೆ ಇದನ್ನು ಸ್ಪರ್ಧೆಗೆ ಕಳಿಸಬೇಡಿ. ನಿಮ್ಮ ಗೆಳತಿ ಹೇಳಿದ್ದು ಸರಿ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಬರೆಯುವವರಿಗೆ ಇಂಥ ಒಬ್ಬ ಗೆಳತಿ ಸಿಗೋದು ಕಷ್ಟ.

ಈಗ ವಿಷಯಕ್ಕೆ ಬರೋಣ. ಬಡ ಅಪ್ಪ, ಓದಿದ ಮಗಳು, ಅವಳಿಗೆ ಕೆಲಸ ಸಿಕ್ಕ ದಿನ ಮಾತೇ ಹೊರಡದೆ ಕೂತ ಅಪ್ಪ. ಇದು ಯಾರಪ್ಪನ ಮನೆ ಆಸ್ತಿಯೂ ಅಲ್ಲ. ನಮ್ಮೂರಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಎಷ್ಟು ಕಾರ್ಮಿಕರ ಮಕ್ಕಳು ಓದಿ ಮೇಷ್ಟ್ರಾದರು, ನರ್ಸ್ ಆದರು, ಬ್ಯಾಂಕ್ ಸೇರಿದರು. ಆ ಮನೆಗಳಲ್ಲೆಲ್ಲ ಇಂಥದ್ದೊಂದು ಸಂಜೆ ಬಂದೇ ಬಂದಿರುತ್ತದೆ. ಅದರ ಮೇಲೆ ನೂರು ಜನ ನೂರು ಕಥೆ ಬರೆಯಲಿ. ಯಾರೂ ಯಾರದನ್ನೂ ಕದ್ದ ಹಾಗಾಗುವುದಿಲ್ಲ.

ಕಾನೂನು ಹೇಳೋದೂ ಇದನ್ನೇ. ಆರ್.ಜಿ. ಆನಂದ್ ಅನ್ನುವವರು 1953ರಲ್ಲಿ ‘ಹಮ್ ಹಿಂದೂಸ್ತಾನಿ’ ಅಂತ ಒಂದು ನಾಟಕ ಬರೆದಿದ್ದರು. ದೆಹಲಿಯಲ್ಲಿ ಒಂದು ಪಂಜಾಬಿ ಕುಟುಂಬ, ಒಂದು ಮದರಾಸಿ ಕುಟುಂಬ, ಮಕ್ಕಳ ಪ್ರೀತಿ, ದೊಡ್ಡವರ ಪ್ರಾಂತ್ಯಾಭಿಮಾನ. 1956ರಲ್ಲಿ ‘ನ್ಯೂ ದೆಹಲಿ’ ಅನ್ನುವ ಸಿನಿಮಾ ಬಂತು. ಅಲ್ಲೂ ಅದೇ ತಿರುಳು. ಆನಂದ್ ಕೋರ್ಟಿಗೆ ಹೋದರು. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿ 1978ರಲ್ಲಿ ತೀರ್ಪು ಬಂತು. ಆನಂದ್ ಸೋತರು. ವಿಚಾರಕ್ಕೆ, ಕಥಾವಸ್ತುವಿಗೆ, ಇತಿಹಾಸಕ್ಕೆ, ಪುರಾಣಕ್ಕೆ ಹಕ್ಕುಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೀತಿಗೆ, ಜೋಡಿಸಿದ ಕ್ರಮಕ್ಕೆ ಮಾತ್ರ ಇದೆ ಅಂತ ಕೋರ್ಟ್ ಹೇಳಿತು. ಇನ್ನೊಂದು ಮಾತನ್ನೂ ಹೇಳಿತು, ನಿಮಗೆ ಬೇಕಾದದ್ದು ಅದು. ಎರಡನ್ನೂ ಓದಿದವರಿಗೆ, ನೋಡಿದವರಿಗೆ ‘ಇದು ಅದರದೇ ನಕಲು’ ಅಂತ ಅನುಮಾನವಿಲ್ಲದೆ ಅನಿಸಬೇಕು. ಹಾಗೆ ಅನಿಸಿದರೆ ಅದು ನಕಲು.

ನಿಮ್ಮ ಗೆಳತಿಗೆ ಅನಿಸಿದ್ದು ಅದೇ ಅಲ್ವಾ? ನನಗೂ ಹಾಗೇ ಅನಿಸಿತು. ಯಾಕೆ ಅಂತ ತೋರಿಸುತ್ತೇನೆ.

ಅವರ ಕಥೆ ಹೊಲಿಗೆ ಮಿಷಿನ್ನಿನ ಸದ್ದು ನಿಂತ ಸಂಜೆಯಿಂದ ಶುರುವಾಗುತ್ತದೆ. ನಿಮ್ಮದು ಭಟ್ಟಿಯ ಸದ್ದು ನಿಂತ ಸಂಜೆಯಿಂದ. ಅಲ್ಲಿ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆಗೆ ಅಪ್ಪನಿಗಿಂತ ಮೊದಲು ಸುದ್ದಿ ಗೊತ್ತಾಗುತ್ತದೆ. ನಿಮ್ಮಲ್ಲಿ ಕಾಫಿಪುಡಿ ಕೇಳಲು ಬಂದವಳಿಗೆ. ಇಷ್ಟೇ ಆಗಿದ್ದರೆ ನಾನು ಪೆನ್ಸಿಲ್ ಕೆಳಗಿಡುತ್ತಿದ್ದೆ. ಆದರೆ ಕೊನೆಯ ದೃಶ್ಯ ನೋಡಿ. ಆ ದರ್ಜಿ ರಾತ್ರಿಯೆಲ್ಲ ಕೂತು ಮಗಳ ಹಳೇ ಯೂನಿಫಾರ್ಮಿನ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಒಂದೊಂದೇ ಬಿಚ್ಚುತ್ತಾನೆ. ಅದರಲ್ಲಿ ಅವಳು ಕೆಲಸಕ್ಕೆ ಒಯ್ಯಲು ಒಂದು ಚೀಲ ಹೊಲಿಯುತ್ತಾನೆ. ಬಿಚ್ಚಿದ ದಾರವನ್ನು ಎಸೆಯದೆ ಬೆರಳಿಗೆ ಸುತ್ತಿಕೊಳ್ಳುತ್ತಾನೆ. ನಿಮ್ಮ ಕಥೆಯ ಅಪ್ಪ ಮಂಡಕ್ಕಿ ಚೀಲ ಬಿಚ್ಚುತ್ತಾನೆ, ಬ್ಲೇಡಿನ ತುದಿಯಿಂದಲೇ. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾನೆ.

ತಂಗಿ, ಆಳೆತ್ತರದ ಮಂಡಕ್ಕಿ ಚೀಲದ ಬಾಯಿಯನ್ನು ದಬ್ಬಳದಲ್ಲಿ, ಸುತಲಿಯಲ್ಲಿ ಹೊಲಿಯುತ್ತಾರೆ. ಬಿಚ್ಚಬೇಕಾದರೆ ಒಂದು ತುದಿ ಹಿಡಿದು ಸರ್ರನೆ ಎಳೆಯುತ್ತಾರೆ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದರೂ ನಿಮ್ಮಪ್ಪನ ಕೈಗೆ ಬ್ಲೇಡು ಬಂತು. ಯಾಕೆಂದರೆ ಆ ಹೊತ್ತಿನಲ್ಲಿ ನೀವು ಬರೆಯುತ್ತಿದ್ದದ್ದು ನಿಮ್ಮಪ್ಪನ ಕೈಯನ್ನಲ್ಲ. ಆ ದರ್ಜಿಯ ಕೈಯನ್ನು. ನಾನು ಪೆನ್ಸಿಲಿನಲ್ಲಿ ಗೀಟು ಎಳೆದಿರುವುದು ಆ ಬ್ಲೇಡಿನ ಕೆಳಗೆ.

ನೋಡಿಕೊಂಡು ಬರೆದಿಲ್ಲ ಅಂದಿರಿ. ನಂಬುತ್ತೇನೆ. ಯಾಕೆ ನಂಬುತ್ತೇನೆ ಅಂತಲೂ ಹೇಳಬೇಕು.

1980ರ ದಶಕದಲ್ಲಿ ನಾನು ಇದೇ ಊರಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಎದುರಿಗೆ ಮೊಳೆಗಳನ್ನಿಡುವ ಖಾನೆಗಳ ಕೇಸು, ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು. ಒಂದೊಂದೇ ಸೀಸದ ಅಕ್ಷರ ಎತ್ತಿ, ತಿರುವುಮುರುವಾಗಿ ಕಾಣುವ ಸಾಲನ್ನು ಬೆರಳಲ್ಲೇ ಓದುತ್ತಾ ಜೋಡಿಸಬೇಕು. ಮದುವೆ ಕರೆಯೋಲೆ, ಅಂಗಡಿ ಬಿಲ್ಲು, ಅಪರೂಪಕ್ಕೆ ಕಥಾಸಂಕಲನ. ಅಚ್ಚಾದ ಮೇಲೆ ಸಾಲನ್ನು ಬಿಚ್ಚಿ ಮೊಳೆಗಳನ್ನು ಮತ್ತೆ ಅವುಗಳ ಮನೆಗೆ ಹಾಕೋದು. ಅದೇ ‘ಅ’, ಅದೇ ‘ಕ’, ನಾಳೆ ಇನ್ನೊಬ್ಬರ ಕರೆಯೋಲೆಗೆ.

ಆ ಕಾಲದಲ್ಲೇ ನಾನೂ ಒಂದು ಕಥೆ ಬರೆದೆ. ಒಂದು ವಾರಪತ್ರಿಕೆಯಲ್ಲಿ ಬಂತು. ಹಿಗ್ಗಿ ಹೋಗಿದ್ದೆ. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರು ಅದನ್ನು ಓದಿ ಏನೂ ಹೇಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಹಳೇ ಸಂಕಲನ ತಂದು ನನ್ನ ಮುಂದಿಟ್ಟು ಒಂದು ಪುಟ ತೆರೆದರು. ಒಬ್ಬ ಹೆಂಗಸು ಲಾಟೀನಿನ ಗಾಜನ್ನು ಬೂದಿ ಹಾಕಿ ಒರೆಸುತ್ತಾ, ಗಂಡ ಬರಲಿಲ್ಲ ಅಂತ ಗಾಜಿನೊಳಗೆ ಉಸಿರು ಬಿಡುವ ದೃಶ್ಯ. ನನ್ನ ಕಥೆಯಲ್ಲೂ ಅದೇ ಇತ್ತು. ಅದೇ ಬೂದಿ, ಅದೇ ಉಸಿರು, ಹತ್ತಿರ ಹತ್ತಿರ ಅದೇ ಮಾತು. ಮೂರು ವರ್ಷ ಹಿಂದೆ ಆ ಪುಟದ ಮೊಳೆ ಜೋಡಿಸಿದವನು ನಾನೇ. ನನಗೆ ಮರೆತುಹೋಗಿತ್ತು, ಬೆರಳಿಗೆ ಮರೆತಿರಲಿಲ್ಲ.

ಅವತ್ತು ಊಟ ಸೇರಲಿಲ್ಲ. ಆ ಲೇಖಕರಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಬರೆದೆ. ಏನಾಯಿತೋ ಹಾಗೇ ಬರೆದೆ. ಪತ್ರಿಕೆಗೂ ಬರೆದೆ. ಲೇಖಕರಿಂದ ಒಂದು ಕಾರ್ಡು ಬಂತು. ‘ತಿಳಿಸಿದ್ದು ಒಳ್ಳೇದಾಯಿತು. ನಿಮ್ಮ ಮನೆಯ ಲಾಟೀನನ್ನು ಯಾರು ಒರೆಸುತ್ತಿದ್ದರು, ಅದನ್ನು ಬರೀರಿ’ ಅಂತ. ನಮ್ಮ ಮನೆಯ ಲಾಟೀನು ಒರೆಸುತ್ತಿದ್ದವನು ನಾನೇ. ಗಾಜಿನೊಳಗೆ ಹೋಗುವಷ್ಟು ಸಣ್ಣ ಕೈ ಇದ್ದದ್ದು ನನಗೊಬ್ಬನಿಗೇ. ಅದು ನನ್ನ ಕಥೆಯೊಳಗೆ ಬಂದೇ ಇರಲಿಲ್ಲ.

ಅದಕ್ಕೇ ನಿಮ್ಮ ನಾಲ್ಕನೇ ಪುಟ ಓದುವಾಗ ನಾನು ನಿಂತುಬಿಟ್ಟೆ. ಅಲ್ಲಿ ಒಂದು ಪ್ಯಾರಾ ಇದೆ. ಅಪ್ಪ ಅಕ್ಕಿಗೆ ಬೆರೆಸುವ ಉಪ್ಪುನೀರನ್ನು ಬೆರಳಲ್ಲಿ ಅದ್ದಿ ನಾಲಗೆ ತುದಿಗೆ ಮುಟ್ಟಿಸಿ ನೋಡುತ್ತಾನೆ. ದಿನಾ ಹಾಗೆ ನೋಡಿ ನೋಡಿ ಮನೆಯ ಸಾರಿನಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಅವನಿಗೆ ಗೊತ್ತಾಗುವುದಿಲ್ಲ. ಅಮ್ಮ ಉಪ್ಪು ಮರೆತ ದಿನವೂ ಚೆನ್ನಾಗಿದೆ ಅಂತ ಉಣ್ಣುತ್ತಾನೆ. ಕಾದ ಮರಳಿಗೆ ಅಕ್ಕಿ ಬಿದ್ದಾಗಿನ ಸದ್ದು ಕೇಳಿಯೇ ಹದ ಹೇಳುತ್ತಾನೆ, ಮಗಳು ಮೆಲ್ಲಗೆ ಕರೆದರೆ ಮಾತ್ರ ಕೇಳಿಸುವುದಿಲ್ಲ.

ಇದನ್ನು ನೀವು ಎಲ್ಲಿಂದಲೂ ತಂದಿಲ್ಲ. ಇದು ನಿಮ್ಮ ಮನೆಯದು. ದೊಡ್ಡ ದೊಡ್ಡ ಕಥೆಗಾರರ ಹಸ್ತಪ್ರತಿಯಲ್ಲೂ ಇಂಥ ಪ್ಯಾರಾ ನಾನು ಜಾಸ್ತಿ ಕಂಡಿಲ್ಲ. ಮುಖಸ್ತುತಿಗೆ ಹೇಳುತ್ತಿಲ್ಲ, ಓದಿ ಕಣ್ಣಲ್ಲಿ ನೀರು ಬಂತು.

ಹಾಗಾಗಿ ಹೀಗೆ ಮಾಡಿ. ಆ ವಿಶೇಷಾಂಕವನ್ನು ಒಂದೆರಡು ತಿಂಗಳು ಕಣ್ಣಿಗೆ ಬೀಳದ ಕಡೆ ಇಡಿ. ನಿಮ್ಮ ಕಥೆಯಲ್ಲಿ ಆ ಒಂದು ಪ್ಯಾರಾ ಉಳಿಸಿಕೊಂಡು ಮಿಕ್ಕಿದ್ದನ್ನು ಬಿಟ್ಟುಬಿಡಿ. ಸಂಕಟ ಆಗುತ್ತೆ, ಗೊತ್ತು. ಅಪ್ಪನ ಜೊತೆ ಒಂದು ಬೆಳಗಿನ ಜಾವ ಭಟ್ಟಿಗೆ ಹೋಗಿ ಕೂತು ಬನ್ನಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ, ನನಗೆ ಕೆಲಸ ಸಿಕ್ಕ ದಿನ ಈ ಮನುಷ್ಯ ಏನು ಮಾಡಬಹುದು? ಈಗಿನ ಕಥೆಯಲ್ಲಿ ಅದು ಇಲ್ಲವೇ ಇಲ್ಲ. ನೀವು ಅಪ್ಪನ ಕಡೆ ತಿರುಗುವಷ್ಟರಲ್ಲಿ ಆ ದರ್ಜಿ ಅಡ್ಡ ಬಂದು ಕೂತಿದ್ದಾನೆ. ಬಹುಶಃ ನಿಮ್ಮಪ್ಪ ಏನೂ ಮಾಡದೆ ಉಪ್ಪಿಲ್ಲದ ಸಾರು ಉಂಡು ಮಲಗಿಬಿಡಬಹುದು. ಅದೂ ಕಥೆಯೇ.

ಹೊಸದಾಗಿ ಬರೆದ ಮೇಲೂ ಆ ಕಥೆಯ ಋಣ ಇದೆ ಅನಿಸಿದರೆ, ಇಂಥವರ ಇಂಥ ಕಥೆ ಓದಿದ ಮೇಲೆ ಇದು ಹುಟ್ಟಿತು ಅಂತ ಕೆಳಗೆ ಒಂದು ಸಾಲು ಹಾಕಿ. ಅದರಿಂದ ನಿಮ್ಮ ಕಥೆ ಸಣ್ಣದಾಗುವುದಿಲ್ಲ. ನಮ್ಮ ಪಂಪನೇ ತಾನು ವ್ಯಾಸರ ಕಡಲಲ್ಲಿ ಈಜುತ್ತಿದ್ದೇನೆ, ನಾನೇ ವ್ಯಾಸ ಅನ್ನುವ ಗರ್ವ ನನಗಿಲ್ಲ ಅಂತ ಕಾವ್ಯದಲ್ಲೇ ಹೇಳಿಕೊಂಡಿದ್ದಾನೆ. ಸ್ಪರ್ಧೆಯ ನಿಯಮದಲ್ಲಿ ‘ಕಥೆ ಸ್ವಂತದ್ದಾಗಿರಬೇಕು, ಅನುವಾದ, ಅನುಕರಣೆ ಆಗಿರಬಾರದು’ ಅಂತ ಇರುತ್ತದಲ್ಲ, ಅದರ ಕೆಳಗೆ ಸಹಿ ಹಾಕುವಾಗ ಕೈ ಅಳುಕಬಾರದು. ಈಗ ಹಾಕಿದರೆ ನಿಮ್ಮ ಕೈ ಅಳುಕುತ್ತದೆ. ಅಳುಕದಿದ್ದರೆ ನನಗೆ ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಪ್ರಶ್ನೆ: ಕೊನೆಯ ಮದಕರಿ ನಾಯಕನ ಮೇಲೆ ನಾಟಕ ಬರೆದು ಪುಸ್ತಕ ಮಾಡಿಸುವ ಆಸೆ. ತ.ರಾ.ಸು. ಅವರು ಆಗಲೇ ಬರೆದಿದ್ದಾರಲ್ಲ, ನಾನು ಬರೆದರೆ ಕದ್ದ ಹಾಗಾಗುತ್ತದೆಯೇ?
ಒಬ್ಬ ಶಿಕ್ಷಕ, ಚಿತ್ರದುರ್ಗ

ಉತ್ತರ: ಮೇಷ್ಟ್ರೇ, ಮದಕರಿ ನಾಯಕ ಎಲ್ಲರವನು. 1779ರಲ್ಲಿ ದುರ್ಗ ಹೈದರಾಲಿಯ ಕೈಗೆ ಹೋದದ್ದು ಇತಿಹಾಸ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ‘ದುರ್ಗಾಸ್ತಮಾನ’ದಲ್ಲಿ ತ.ರಾ.ಸು. ಕಲ್ಪಿಸಿದ ಸಂಭಾಷಣೆ, ಸನ್ನಿವೇಶ, ಅವರೇ ಹುಟ್ಟಿಸಿದ ಪಾತ್ರ ಅವರದು. ಕಷ್ಟ ಇರೋದು ಇಲ್ಲೇ. ನಮ್ಮ ಕಡೆಯವರಿಗೆ ಆ ಕಾದಂಬರಿ ಎಷ್ಟು ಒಳಗಿಳಿದಿದೆ ಅಂದರೆ, ಇತಿಹಾಸ ಯಾವುದು, ಅವರ ಕಲ್ಪನೆ ಯಾವುದು ಅಂತ ಗೊತ್ತಾಗುವುದಿಲ್ಲ. ನೀವು ಇತಿಹಾಸ ಅಂದುಕೊಂಡು ಎತ್ತಿಕೊಂಡದ್ದು ಅವರ ಒಂದು ರಾತ್ರಿಯ ಕಲ್ಪನೆ ಆಗಿರಬಹುದು. ಆದ್ದರಿಂದ ಪ್ರತಿ ದೃಶ್ಯಕ್ಕೂ ಇದು ನನಗೆ ಎಲ್ಲಿಂದ ಗೊತ್ತು ಅಂತ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಶಾಸನವೋ, ಇತಿಹಾಸದ ಪುಸ್ತಕವೋ, ಕಾದಂಬರಿಯೋ. ಕಾದಂಬರಿಯಿಂದ ಮಾತ್ರ ಗೊತ್ತಿದ್ದರೆ ಆ ದೃಶ್ಯ ಬಿಡಿ. ಇಲ್ಲ, ಅದೇ ಬೇಕು ಅಂದರೆ ಹಕ್ಕು ಇರುವವರ ಒಪ್ಪಿಗೆ ತೆಗೆದುಕೊಳ್ಳಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಅಂದರೆ 2044ರ ಕೊನೆಯವರೆಗೆ.

ಇನ್ನೊಂದು ಮಾತು. ಕೋಟೆಯೊಳಗೆ ಮದ್ದು ಬೀಸುವ ಕಲ್ಲುಗಳಿವೆ. ನೂರು ಸಲ ನೋಡಿರುತ್ತೀರಿ. ಆ ಕಲ್ಲಿನ ಪಕ್ಕ ದಿನವಿಡೀ ನಿಂತವರು ಯಾರು, ಮುತ್ತಿಗೆಯ ದಿನಗಳಲ್ಲಿ ಏನು ಉಣ್ಣುತ್ತಿದ್ದರು? ನಿಮ್ಮ ನಾಟಕ ಅಲ್ಲಿಂದ ಶುರುವಾದರೆ ಮೊದಲ ಸಾಲಿನಲ್ಲಿ ಕೂತು ನೋಡುವವನು ನಾನು.

ಪ್ರಶ್ನೆ: ಬೇರೆ ಭಾಷೆಯ ಕಥೆಯನ್ನು ಹೆಸರು, ಊರು ಬದಲಿಸಿ ನಮ್ಮೂರಿಗೆ ತಂದರೆ ತಪ್ಪೇ?
ಓದುಗ, ಹರಿಹರ

ಉತ್ತರ: ಹೇಳದೆ ತಂದರೆ ತಪ್ಪು. ಹೇಳಿ ತಂದರೆ ಅದಕ್ಕೆ ಕನ್ನಡದಲ್ಲಿ ದೊಡ್ಡ ಪರಂಪರೆಯೇ ಇದೆ. ಬಿ.ಎಂ.ಶ್ರೀ. ಇಂಗ್ಲಿಷ್ ಕವನಗಳನ್ನು ಕನ್ನಡಕ್ಕೆ ತಂದು ಪುಸ್ತಕಕ್ಕೆ ‘ಇಂಗ್ಲಿಷ್ ಗೀತಗಳು’ ಅಂತಲೇ ಹೆಸರಿಟ್ಟರು. 1972ರಲ್ಲಿ ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ‘ನಾಗರಹಾವು’ ಮಾಡಿದರು. ಮೂಲ ಯಾರದು ಅನ್ನೋದು ದುರ್ಗದ ಮಕ್ಕಳಿಗೂ ಗೊತ್ತು. ಮೂಲ ಲೇಖಕರು ಇದ್ದರೆ, ಅಥವಾ ತೀರಿಕೊಂಡು 60 ವರ್ಷ ಆಗಿಲ್ಲದಿದ್ದರೆ, ಮೊದಲು ಒಪ್ಪಿಗೆ ಕೇಳಿ. ಅನುವಾದಕ್ಕೂ ಬೇಕು, ರೂಪಾಂತರಕ್ಕೂ ಬೇಕು. ಹೆಸರನ್ನು ಕೊನೆಯ ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಬೇಡಿ. ಕಥೆಯ ತಲೆಬರಹದ ಕೆಳಗೇ ಹಾಕಿ, ನಿಮ್ಮ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ.