ಕುರಿಗೆ ಹುಳದ ಔಷಧಿ ಜೊತೆ ಬೇವಿನ ಕಷಾಯ ಬೆರೆಸಿ ಕುಡಿಸಬಹುದಾ?

ಆಲ್ಬೆಂಡಜೋಲ್ ಕುಡಿಸಿದರೂ ಕುರಿಗಳು ಸೊರಗುತ್ತಿವೆ, ಗದ್ದದ ಕೆಳಗೆ ನೀರು ತುಂಬುತ್ತಿದೆ, ಬೇವಿನ ಕಷಾಯ ಬೆರೆಸಿದರೆ ಔಷಧಿಗೆ ಬಲ ಬರುತ್ತಾ ಅಂತ ಕೇಳಿದ್ದೀರಿ. ನಾನು ಚಳ್ಳಕೆರೆ ಕಡೆ ಪಶುವೈದ್ಯ. ನನ್ನ ಉತ್ತರ: ಬೆರೆಸಬೇಡಿ.

ನೀವು ಹೇಳಿದ ಲಕ್ಷಣ ನೋಡಿದರೆ ಹಿಮಾಂಕಸ್ ಅನ್ನೋ ರಕ್ತ ಹೀರುವ ಹುಳದ ಮೇಲೆ ಅನುಮಾನ. ಕುರಿಯ ಕೆಳರೆಪ್ಪೆ ಬಿಡಿಸಿ ನೋಡಿ. ಕೆಂಪಗಿರಬೇಕಾದ ಒಳಭಾಗ ಸುಣ್ಣದ ಹಾಗೆ ಬಿಳಿಚಿದ್ದರೆ ತಡ ಮಾಡಬೇಡಿ. ಒಂದು ಹೆಣ್ಣು ಹುಳ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಒಂದೇ ಔಷಧಿಯನ್ನು ವರ್ಷಗಟ್ಟಲೆ ಕುಡಿಸಿದರೆ ಅದನ್ನು ತಡೆದುಕೊಳ್ಳುವ ಹುಳಗಳೇ ಉಳಿದು ಹೆಚ್ಚುತ್ತವೆ. ಟಗರಿಗೂ ಮರಿಗೂ ಕಣ್ಣಳತೆಯಲ್ಲಿ ಒಂದೇ ಮುಚ್ಚಳ ಹಾಕುವುದಂತೂ ಇನ್ನೂ ಕೆಟ್ಟದ್ದು. ಆಡಿನ ದೇಹ ಔಷಧಿಯನ್ನು ಬೇಗ ಹೊರಹಾಕುತ್ತದೆ, ಹಾಗಾಗಿ ಕುರಿಯ ಅಳತೆ ಅದಕ್ಕೆ ಸಾಲದು.

ಇನ್ನು ಗಿಡದ ಮಾತು. ಗಿಡ, ಔಷಧಿ ಎರಡೂ ಸೇರಿದರೆ ಬಲ ಎರಡು ಪಟ್ಟು ಆಗುತ್ತದೆ ಅಂತೇನಿಲ್ಲ. ಐವರ್ಮೆಕ್ಟಿನ್, ಮಾಕ್ಸಿಡೆಕ್ಟಿನ್ ತರಹದ ಹುಳದ ಔಷಧಿಯನ್ನು ಜೀವಕೋಶದಿಂದ ಹೊರಗೆ ತಳ್ಳುವ ಒಂದು ಪ್ರೋಟೀನ್ ಇದೆ. ಕುರಿಯಲ್ಲೂ ಇದೆ, ಹುಳದಲ್ಲೂ ಇದೆ. ಗಿಡಗಳಲ್ಲಿರುವ ಕ್ವೆರ್ಸೆಟಿನ್ ಅನ್ನೋ ಅಂಶ ಈ ಪ್ರೋಟೀನಿನ ಕೆಲಸವನ್ನು ತಡೆಯುತ್ತದೆ. ಅದನ್ನು ಮಾಕ್ಸಿಡೆಕ್ಟಿನ್ ಜೊತೆ ಕುರಿಮರಿಗಳಿಗೆ ಕೊಟ್ಟಾಗ ರಕ್ತದಲ್ಲಿ ಔಷಧಿ ಜಾಸ್ತಿ ಉಳಿಯಿತು. (ಈರುಳ್ಳಿಯಲ್ಲೂ ಕ್ವೆರ್ಸೆಟಿನ್ ಇದೆ ಅಂತ ನಮ್ಮ ಕಡೆಯ ಕೊಳೆತ ಈರುಳ್ಳಿ ರಾಶಿಗೆ ಕುರಿ ಬಿಟ್ಟೀರಿ ಮತ್ತೆ! ಈರುಳ್ಳಿ ಹೆಚ್ಚಾದರೆ ಕೆಂಪು ರಕ್ತಕಣ ಒಡೆಯುತ್ತವೆ. ಮೊದಲೇ ರಕ್ತ ಕಳೆದುಕೊಂಡ ಕುರಿಗೆ ಅದು ಸಾವಿನ ದಾರಿ.)

ಉಲ್ಟಾ ಆಗಿದ್ದೂ ಇದೆ. ಸೇನ್‌ಫೊಯಿನ್ ಅನ್ನೋದು ಯುರೋಪಿನ ಮೇವಿನ ಗಿಡ, ಟ್ಯಾನಿನ್ (ಒಗರು ಅಂಶ) ಜಾಸ್ತಿ. ತಾನಾಗಿಯೇ ಹುಳವನ್ನು ಸ್ವಲ್ಪ ಹತೋಟಿಯಲ್ಲಿಡುತ್ತದೆ. ಆದರೆ 2016ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗದಲ್ಲಿ ಅದನ್ನು ತಿಂದ ಕುರಿಮರಿಗಳಿಗೆ ಐವರ್ಮೆಕ್ಟಿನ್ ಕುಡಿಸಿದಾಗ ರಕ್ತಕ್ಕೆ ಸೇರಿದ ಔಷಧಿಯೇ ಕಡಿಮೆಯಾಯಿತು. ಎರಡೂ ಒಳ್ಳೆಯವೇ, ಜೊತೆಗೆ ಹೊಂದಲಿಲ್ಲ ಅಷ್ಟೆ.

ಬೇವಿನ ಪ್ರಯೋಗಗಳ ಫಲಿತಾಂಶವೂ ಒಂದೇ ತರಹ ಬಂದಿಲ್ಲ. ಮನೆಯ ಕಷಾಯದಲ್ಲಿ ಯಾವ ಅಂಶ ಎಷ್ಟಿದೆ ಅಂತ ಅಳೆಯೋರು ಯಾರು? ಹಾಗಂತ ಗಿಡವೇ ಬೇಡ ಅನ್ನುತ್ತಿಲ್ಲ. ಜಾಲಿಕಾಯಿಯಲ್ಲೂ ಟ್ಯಾನಿನ್ ಇದೆ. ಬೇರೆ ಮೇವಿನ ಜೊತೆ ಹಿತಮಿತವಾಗಿ ಹಾಕಿ. ಔಷಧಿ ಕುಡಿಸುವ ದಿನದ ಹಿಂದೆ ಮುಂದೆ ಮಾತ್ರ ಬೇಡ.

ಈಗ ಮಾಡಬೇಕಾದ್ದು ಇಷ್ಟು. ಕೆಲವು ಕುರಿಗಳ ಹಿಕ್ಕೆ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗಿ, ಮೊಟ್ಟೆ ಎಣಿಸಲು ಹೇಳಿ. ತೂಕ ಹಾಕಿ ಔಷಧಿ ಕುಡಿಸಿ. 10ರಿಂದ 14 ದಿನ ಬಿಟ್ಟು ಅವೇ ಕುರಿಗಳ ಹಿಕ್ಕೆ ಮತ್ತೆ ತೋರಿಸಿ. ಮೊಟ್ಟೆ ಶೇಕಡ 95ರಷ್ಟಾದರೂ ಇಳಿಯದಿದ್ದರೆ ಆ ಔಷಧಿಯನ್ನೂ ಅದರ ಜಾತಿಯವನ್ನೂ ಬಿಟ್ಟು ಬೇರೆ ಜಾತಿಯ ಔಷಧಿಯನ್ನು ಡಾಕ್ಟರಿಂದ ಬರೆಸಿಕೊಳ್ಳಿ. ಗಬ್ಬ ನಿಂತ ಮೊದಲ ತಿಂಗಳಲ್ಲಿರುವ ಕುರಿಗೆ ಆಲ್ಬೆಂಡಜೋಲ್ ಬೇಡ, ಮರಿಗೆ ಅಂಗವಿಕಲತೆ ಬರಬಹುದು.

ಇನ್ನೊಂದು. ಔಷಧಿ ಕೊಟ್ಟ ಮೇಲೆ ಮಾಂಸ, ಹಾಲು ಇಷ್ಟು ದಿನ ಬಳಸಬಾರದು ಅಂತ ಬಾಟಲಿ ಮೇಲೆ ಬರೆದಿರುತ್ತದಲ್ಲ, ಅದು ಔಷಧಿಯೊಂದನ್ನೇ ಕೊಟ್ಟಾಗಿನ ಲೆಕ್ಕ. ಗಿಡ ಸೇರಿ ಔಷಧಿ ಮೈಯಲ್ಲಿ ಹೆಚ್ಚು ದಿನ ಉಳಿದರೆ ಆ ಲೆಕ್ಕ ನಡೆಯುವುದಿಲ್ಲ.