ಬುರುಡೆ ಅಂಗಿಗೆ ಚೆಂಡುಹೂ

ಪತ್ರ: "ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ನನ್ನದು. ವಾರಕ್ಕೆ ಆರು ದಿನ ಯೂನಿಫಾರ್ಮ್. ಭಾನುವಾರ ನಾನೇ ಪ್ರಿಂಟ್ ಮಾಡಿದ ತಲೆಬುರುಡೆ ಟೀ ಶರ್ಟ್ ಹಾಕುತ್ತೇನೆ. ಗೆಳತಿ ಜೊತೆ ಸೇರಿ ಹದಿನೈದು ಮಾರಿದ್ದೂ ಆಯಿತು. ಆದರೆ ಎರಡು ಒಗೆತಕ್ಕೆ ಪ್ರಿಂಟ್ ಬಿರುಕು ಬಿಡುತ್ತೆ. ಅಜ್ಜಿ ಬೇರೆ, 'ಅದನ್ನ ಹಾಕ್ಕೊಂಡು ಒಳಗೆ ಬರಬೇಡ' ಅನ್ನುತ್ತಾರೆ. ನನಗೆ ಇಷ್ಟವಾದ ಬಟ್ಟೆ ಹಾಕೋದು ತಪ್ಪಾ? ತಾತ ತೀರಿಕೊಂಡು ಎಂಟು ತಿಂಗಳಾಯಿತು."
ಹೆಸರು ಬೇಡ ಎಂದ ಓದುಗರು, ಕೋಲಾರ ತಾಲ್ಲೂಕು

ತಪ್ಪಲ್ಲ ತಂಗಿ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ನೀವು ಕಳಿಸಿದ ಫೋಟೊ ಬಿಡಲಿಲ್ಲ.

ಅದರಲ್ಲಿ ಎರಡು ಅಂಗಿ ಇವೆ. ಮೊದಲನೆಯದರಲ್ಲಿ ಬುರುಡೆ, ಕೆಳಗೆ ಅಡ್ಡಡ್ಡ ಎರಡು ಮೂಳೆ. ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಕರೆಂಟ್ ಕಂಬದ ಮೇಲೆ! ಅಪಾಯದ ಬೋರ್ಡಿನಲ್ಲಿ ಬುರುಡೆ ಮೂಳೆ ಇರಬೇಕೆಂದು 1956ರ ವಿದ್ಯುತ್ ನಿಯಮಗಳೇ ಹೇಳಿದ್ದವು. ನಮ್ಮ ಜಿಲ್ಲೆಗೋ ಕರೆಂಟು ಬೆಂಗಳೂರಿಗಿಂತ ಮೊದಲೇ ಬಂದಿದ್ದು. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ತಂತಿ ಎಳೆದಿದ್ದರು. ಈ ಅಂಗಿ ಚೆನ್ನಾಗಿದೆ, ಆದರೆ ನಿಮ್ಮದು ಅನ್ನಿಸಲಿಲ್ಲ. ನೆಟ್‌ನಿಂದ ಇಳಿಸಿದ್ದು, ಅಲ್ವಾ? ಹಾಗೆ ಇಳಿಸುವಾಗ ಯಾರ ಬುರುಡೆ ಅಂತ ಒಮ್ಮೆ ನೋಡಿ. ಸ್ಕೇಟ್‌ಬೋರ್ಡ್ ಹುಡುಗರದ್ದು ಇರಬಹುದು, ಯಾವುದೋ ಬ್ಯಾಂಡಿನ ಗುರುತು ಇರಬಹುದು. ಹಿಟ್ಲರನ ಎಸ್‌ಎಸ್ ಪಡೆಯವರ ಟೋಪಿ ಮೇಲೂ ಒಂದು ಬುರುಡೆ ಇತ್ತು. ಗೊತ್ತಿಲ್ಲದೆ ಅದನ್ನು ಎದೆ ಮೇಲೆ ಹಾಕಿಕೊಂಡು ಓಡಾಡುವುದು ಬೇಡ.

ಎರಡನೆಯ ಅಂಗಿಯ ಬುರುಡೆಗೆ ಕಿವಿ ಇರುವ ಕಡೆ ಚೆಂಡುಹೂ ಸಿಕ್ಕಿಸಿದ್ದೀರಿ. "ನಮ್ಮ ಹೊಲದ್ದು, ಸುಮ್ನೆ ಬರೆದೆ" ಎಂದು ಫೋಟೊ ಹಿಂದೆ ಗೀಚಿದ್ದೀರಿ. ಒಂದು ವಿಷಯ ಹೇಳಲಾ? ಚೆಂಡುಹೂವಿನ ತವರು ಮೆಕ್ಸಿಕೊ. ಅಲ್ಲಿ ಪ್ರತಿ ವರ್ಷ ನವೆಂಬರ್ 1 ಮತ್ತು 2ರಂದು ತೀರಿಹೋದವರ ಹಬ್ಬ ನಡೆಯುತ್ತದೆ. ಸತ್ತವರಿಗೆ ಇಷ್ಟವಾದ ಅಡುಗೆ ಎಡೆ ಇಡುತ್ತಾರೆ. ಸಕ್ಕರೆಯಲ್ಲಿ ಬುರುಡೆ ಮಾಡಿ, ಹಣೆ ಮೇಲೆ ಹೆಸರು ಬರೆಯುತ್ತಾರೆ. ತೀರಿಹೋದವರು ದಾರಿ ತಪ್ಪದೆ ಮನೆಗೆ ಬರಲಿ ಅಂತ ಚೆಂಡುಹೂವಿನ ಎಸಳು ಹಾಸುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆಯ ಎಡೆ ನೆನಪಾಗಲಿಲ್ವಾ? ನೀವು ಇದ್ಯಾವುದೂ ಗೊತ್ತಿಲ್ಲದೆ ಬುರುಡೆ ಪಕ್ಕ ಅದೇ ಹೂ ಇಟ್ಟಿರಿ. ನನಗಂತೂ ಮೈ ಜುಂ ಅಂತು.

ಈಗ ಅಜ್ಜಿ ವಿಷಯ. ತಾತ ಹೋಗಿ ಎಂಟು ತಿಂಗಳು ಎಂದು ಪತ್ರದ ಕೊನೆಗೆ ಸಣ್ಣದಾಗಿ ಬರೆದಿದ್ದೀರಿ. ನಾನು ಪತ್ರವನ್ನು ಅಲ್ಲಿಂದಲೇ ಮತ್ತೆ ಓದಿದೆ. ಸೀತಿ ಬೆಟ್ಟದ ಭೈರವೇಶ್ವರನ ಹೆಸರು ಹೇಳಿ ಅಜ್ಜಿಯನ್ನು ಸೋಲಿಸಬಹುದು. ಭೈರವನ ಕೈಯಲ್ಲಿ ಕಪಾಲ ಇರುತ್ತೆ, ಕಾಳಿಯ ಕೊರಳಲ್ಲಿ ರುಂಡಮಾಲೆಯೇ ಇರುತ್ತೆ, ಅದಕ್ಕೆ ಕೈ ಮುಗಿಯೋದಿಲ್ವಾ ಅಂತ ಕೇಳಬಹುದು. ದಯವಿಟ್ಟು ಕೇಳಬೇಡಿ. ಅದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ದೇವರ ಕೈಯಲ್ಲಿ ಇರುವುದು ಬೇರೆ, ಸೂತಕ ಕಂಡ ಮನೆಯಲ್ಲಿ ಮೊಮ್ಮಗಳ ಎದೆ ಮೇಲೆ ಇರುವುದು ಬೇರೆ. ಅವರಿಗೆ ಆಗುತ್ತಿರುವುದು ಭಯ, ನಿಮ್ಮ ಮೇಲಿನ ಸಿಟ್ಟಲ್ಲ. ವರ್ಷದ ತಿಥಿ ಮುಗಿಯುವವರೆಗೆ ಮನೆಯೊಳಗೆ ಬೇಡ. ಬೀದಿಗೆ, ಬಸ್‌ಸ್ಟ್ಯಾಂಡಿಗೆ, ಬೆಂಗಳೂರಿಗೆ ಹಾಕಿಕೊಂಡು ಹೋಗಿ. ಆಮೇಲೊಂದು ದಿನ ಹೂವಿನ ಅಂಗಿಯನ್ನು ಅವರ ಮುಂದೆ ಹರಡಿ, ಮೆಕ್ಸಿಕೊದ ಎಡೆಯ ಕಥೆ ಹೇಳಿ. ಒಪ್ಪದೆಯೂ ಇರಬಹುದು. ಇರಲಿ.

ಬಿರುಕಿನ ವಿಷಯಕ್ಕೆ ಬರೋಣ. ನೀವು ಹಾಕಿರುವುದು ಪ್ಲಾಸ್ಟಿಸಾಲ್ ಇಂಕ್, ಅಂದರೆ ಪ್ಲಾಸ್ಟಿಕ್ ಬೆರೆತ ಬಣ್ಣ ಆಗಿದ್ದರೆ ಅದು ಗಾಳಿಗೆ ಒಣಗುವುದಿಲ್ಲ. ಸುಮಾರು 160 ಡಿಗ್ರಿ ಶಾಖ ತಳದವರೆಗೆ ಇಳಿಯಬೇಕು. ಮನೆಯ ಇಸ್ತ್ರಿಪೆಟ್ಟಿಗೆಯ ಶಾಖ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಹಸಿ ಉಳಿದ ಕಡೆ ಒಡೆಯುತ್ತೆ. ಹೀಟ್ ಪ್ರೆಸ್ ಇರುವ ಅಂಗಡಿಯವರನ್ನು ಕೇಳಿ. ಕಪ್ಪು ಬಟ್ಟೆ ಮೇಲೆ ಬಿಳಿ ಎದ್ದು ಕಾಣಬೇಕಾದರೆ ಎರಡು ಕೋಟ್ ಹೊಡೆಯಿರಿ, ನಡುವೆ ಸ್ವಲ್ಪ ಬಿಸಿ ತೋರಿಸಿ.

ಚೆಂಡುಹೂವಿನದು ಎಕ್ಸ್‌ಎಲ್ ಸೈಜಿನಲ್ಲಿ ನನಗೊಂದು ತೆಗೆದಿಡಿ, ದುಡ್ಡು ಕೊಟ್ಟೇ ತಗೊಳ್ತೇನೆ. ಮುಂದಿನ ಸಲ ಮೇಲಿನ ಹಲ್ಲು ಮಾತ್ರ ಎಣಿಸಿ ಬರೆಯಿರಿ. ಹದಿನಾರು ಇರಬೇಕು, ನಿಮ್ಮ ಬುರುಡೆಗೆ ಹತ್ತೊಂಬತ್ತಿವೆ.

ಸಂಪಾದಕ