ಮನೆಯಲ್ಲೇ ಕಾರಿನ ಕೆಲಸ ಮಾಡಿಕೊಳ್ಳಲು ಎಂಥ ಕಾರ್ಡ್‌ಲೆಸ್ ಇಂಪ್ಯಾಕ್ಟ್ ರೆಂಚ್ ಬೇಕು? 1000 ನ್ಯೂಟನ್ ಮೀಟರ್‌ನದ್ದೇ ಆಗಬೇಕಾ?

ಚಕ್ರ ಬಿಚ್ಚುವುದು, ಬ್ರೇಕ್ ಪ್ಯಾಡ್ ಬದಲಿಸುವುದು, ಆಗೊಮ್ಮೆ ಈಗೊಮ್ಮೆ ಸಸ್ಪೆನ್ಷನ್ ಕೆಲಸ, ಇಷ್ಟನ್ನು ನೀವೇ ಮಾಡಿಕೊಳ್ಳುತ್ತೀರಿ ಎಂದು ಬರೆದಿದ್ದೀರಿ. ಇಂಪ್ಯಾಕ್ಟ್ ರೆಂಚ್ ಅಂದರೆ ಏಟು ಕೊಡುತ್ತಾ ನಟ್ ತಿರುಗಿಸುವ ಯಂತ್ರ, ಅದನ್ನೇ ಗನ್ ಅನ್ನುತ್ತೇನೆ. ಅದರ ತಿರುಗಿಸುವ ಬಲವೇ ಟಾರ್ಕ್, ಅದರ ಅಳತೆ ನ್ಯೂಟನ್ ಮೀಟರ್. 300 ನ್ಯೂಟನ್ ಮೀಟರ್‌ನ ಗನ್ ಸಾಕಾ, 1000ದ್ದು ಬೇಕಾ ಅನ್ನುವುದು ನಿಮ್ಮ ಪ್ರಶ್ನೆ. ನಾನು ಇದೇ ಕೆಲಸಗಳನ್ನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ, ಎರಡೂ ಥರದ ಗನ್ ಹಿಡಿದಿದ್ದೇನೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಅರ್ಧ ಇಂಚಿನ ಡ್ರೈವ್ (ಸಾಕೆಟ್ ಕೂರುವ ಚೌಕ ಮೂತಿ), 18 ವೋಲ್ಟ್, ಬ್ರಷ್‌ಲೆಸ್ ಮೋಟಾರ್, ಬಿಗಿ ಮಾಡುವ ಟಾರ್ಕ್ 300ರಿಂದ 500ರ ನಡುವೆ ಇರುವ ಮಧ್ಯಮ ಗಾತ್ರದ ಗನ್ ತೆಗೆದುಕೊಳ್ಳಿ. ಅದಕ್ಕೆ 5 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ ಇರಲಿ. ದೊಡ್ಡ ಗನ್‌ಗೆ ಹಾಕಬೇಕೆಂದಿದ್ದ ದುಡ್ಡಿನಲ್ಲಿ ಉಳಿದದ್ದಕ್ಕೆ ಇಂಪ್ಯಾಕ್ಟ್ ಸಾಕೆಟ್ ಸೆಟ್ ಮತ್ತು ಒಂದು ಒಳ್ಳೆಯ ಟಾರ್ಕ್ ರೆಂಚ್ (ಬೇಕಾದಷ್ಟೇ ಅಳೆದು ಬಿಗಿ ಮಾಡುವ ಕೈ ರೆಂಚ್) ತನ್ನಿ. ಬಿಚ್ಚುವುದು ಗನ್ ಕೆಲಸ, ಕೊನೆಯ ಬಿಗಿ ಟಾರ್ಕ್ ರೆಂಚ್ ಕೆಲಸ.

ಈಗ ಆ ಸಂಖ್ಯೆಗಳ ವಿಷಯ. 100 ನ್ಯೂಟನ್ ಮೀಟರ್ ಅಂದರೆ ಒಂದು ಮೀಟರ್ ಉದ್ದದ ಕೋಲಿನ ತುದಿಗೆ ಸುಮಾರು 10 ಕಿಲೋ ತೂಕ ನೇತುಹಾಕಿದಷ್ಟು ಬಲ. ಹೆಚ್ಚಿನ ಕಾರುಗಳ ವೀಲ್ ನಟ್ ಬಿಗಿ 90ರಿಂದ 140ರೊಳಗೆ ಇರುತ್ತದೆ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರನ್ನು ಹಿಡಿದಿರುವ ಬ್ರಾಕೆಟ್‌ನ ಬೋಲ್ಟ್‌ಗಳೂ ಹೆಚ್ಚುಕಡಿಮೆ 100ರ ಆಸುಪಾಸಿನಲ್ಲೇ ಇರುತ್ತವೆ. ಆಕ್ಸಲ್ ತುದಿಯ ಹಬ್ ನಟ್ ಮಾತ್ರ ಗಟ್ಟಿ ಆಸಾಮಿ, 180ರಿಂದ 300ರವರೆಗೂ ಹೋಗುತ್ತದೆ. ಹಾಗಾದರೆ 150ರ ಗನ್ನೇ ಚಕ್ರಕ್ಕೆ ಸಾಕಲ್ವಾ ಅನ್ನಿಸಬಹುದು. ಸಾಲದು. ತುಕ್ಕು ಹಿಡಿದ ನಟ್, ಹಿಂದಿನವರು ಯದ್ವಾತದ್ವಾ ಬಿಗಿದಿಟ್ಟ ನಟ್, ಇವು ಬಿಗಿದದ್ದಕ್ಕಿಂತ ತುಂಬಾ ಜಾಸ್ತಿ ಬಲ ಕೇಳುತ್ತವೆ. ಗನ್ ಮೇಲೆ ಬರೆದಿರುವ ಸಂಖ್ಯೆ ತುಂಬಿದ ಬ್ಯಾಟರಿ, ಸ್ವಚ್ಛ ಬೋಲ್ಟ್, ಗಿಡ್ಡ ಸಾಕೆಟ್ ಇಟ್ಟು ಅಳೆದದ್ದು. ನೀವು ಮಧ್ಯೆ ಒಂದು ಉದ್ದ ಎಕ್ಸ್‌ಟೆನ್ಷನ್ ಹಾಕಿದರೆ ಅದು ತಿರುಚಿಕೊಂಡು ಏಟಿನ ಬಲದಲ್ಲಿ ಒಂದಷ್ಟನ್ನು ನುಂಗುತ್ತದೆ. ಯೂನಿವರ್ಸಲ್ ಜಾಯಿಂಟ್ ಹಾಕಿದರೆ ಇನ್ನೂ ಹೋಗುತ್ತದೆ. ಅದಕ್ಕೇ ಬೇಕಾದದ್ದರ ಎರಡು ಮೂರು ಪಟ್ಟು ಕೈಯಲ್ಲಿರಲಿ ಅನ್ನುವುದು.

ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆ ಯಾವುದು ಅಂತ ಗಮನಿಸಿ. ಎರಡು ಲೆಕ್ಕ ಇರುತ್ತವೆ. ಒಂದು ಬಿಗಿ ಮಾಡುವ ಟಾರ್ಕ್, ಇನ್ನೊಂದು ಬಿಗಿಯಾಗಿರುವ ನಟ್ ಬಿಚ್ಚುವ ಟಾರ್ಕ್. ಎರಡನೆಯದು ಯಾವಾಗಲೂ ದೊಡ್ಡದು. ಉದಾಹರಣೆಗೆ ಮಕಿಟಾದ ಡಿಟಿಡಬ್ಲ್ಯು300ರಲ್ಲಿ ಬಿಗಿ ಮಾಡುವುದು 330, ಬಿಚ್ಚುವುದು 580. ಎರಡೂ ಅದೇ ಗನ್. ಒಂದು ಕಂಪನಿಯ 580ನ್ನು ಇನ್ನೊಂದರ 330ರ ಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೀರಿ. ಕೆಲವು ಕಡೆ ಫುಟ್ ಪೌಂಡ್‌ನಲ್ಲಿ ಕೊಟ್ಟಿರುತ್ತಾರೆ, ಅದನ್ನು 1.36ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಸಿಗುತ್ತದೆ.

ಇನ್ನು 1000ದ ಗನ್ ಯಾಕೆ ಬೇಡ ಅನ್ನುತ್ತಿದ್ದೇನೆ ಅಂದರೆ, ಅದು ನನಗೆ ಒಂದು ಇಡೀ ಮಧ್ಯಾಹ್ನ ನುಂಗಿದ ಪಾಠ. ಗೆಳೆಯನಿಂದ ದೊಡ್ಡ ಗನ್ ತಂದಿದ್ದೆ. ಚಕ್ರ ವಾಪಸ್ ಕೂರಿಸುವಾಗ ಒಂದು ನಟ್ ಥ್ರೆಡ್‌ಗೆ ಓರೆಯಾಗಿ ಕೂತಿತ್ತು. ನೋಡಲಿಲ್ಲ, ಟ್ರಿಗರ್ ಒತ್ತಿದೆ. ಚಿಕ್ಕ ಗನ್ ಆಗಿದ್ದರೆ ಅಲ್ಲೇ ತಡವರಿಸುತ್ತಿತ್ತು, ಸದ್ದಿನಲ್ಲೇ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತಿತ್ತು. ಇದು ತಡವರಿಸಲೇ ಇಲ್ಲ. ಎರಡು ಏಟು ಕೇಳಿತು, ಆಮೇಲೆ ಗನ್ ಸುಮ್ನೆ ತಿರುಗಿತು. ಸಾಕೆಟ್ ಹಿಂದಕ್ಕೆ ಎಳೆದರೆ ಒಳಗೆ ನಟ್, ಅದರೊಳಗೆ ಮುರಿದ ಸ್ಟಡ್ (ನಟ್ ಕೂರುವ ಬೋಲ್ಟ್) ತುಂಡು, ಮುಟ್ಟಿದರೆ ಬೆಚ್ಚಗಿತ್ತು. ಡಿಸ್ಕ್ ತೆಗೆದು, ಹಳೇ ಸ್ಟಡ್ ಸುತ್ತಿಗೆಯಲ್ಲಿ ಹೊಡೆದು ಹೊರಹಾಕಿ, ಹೊಸದನ್ನು ಎಳೆದು ಕೂರಿಸುವಷ್ಟರಲ್ಲಿ ಸಂಜೆಯಾಯಿತು. ಅಂದಿನಿಂದ ಪ್ರತಿ ನಟ್ಟನ್ನೂ ಮೊದಲು ಬೆರಳಲ್ಲೇ ಮೂರು ನಾಲ್ಕು ಸುತ್ತು ಹಾಕುತ್ತೇನೆ. ನೀವೂ ಹಾಗೇ ಮಾಡಿ.

ತೂಕವೂ ಇದೆ. ಮಧ್ಯಮ ಗನ್ ಬ್ಯಾಟರಿ ಸೇರಿ ಎರಡೂವರೆ ಕಿಲೋ ಆಸುಪಾಸು ಬರುತ್ತದೆ. ದೊಡ್ಡದು ಮೂರು ದಾಟುತ್ತದೆ, ಮೂತಿಯೂ ಉದ್ದ. ಕಾರಿನ ಕೆಳಗೆ ಅಂಗಾತ ಮಲಗಿ ಒಂದೇ ಕೈಯಲ್ಲಿ ಮೇಲೆತ್ತಿ ಹಿಡಿದು ನೋಡಿ, ಆ ಹೆಚ್ಚಿನ ತೂಕ ಎಷ್ಟು ಭಾರ ಅಂತ ತಿಳಿಯುತ್ತದೆ. ಸಸ್ಪೆನ್ಷನ್‌ನ ಸ್ಟ್ರಟ್ ಪಕ್ಕದ ಇಕ್ಕಟ್ಟಿನಲ್ಲಿ ಉದ್ದ ಗನ್ ತೂರುವುದೇ ಇಲ್ಲ. ಲಾರಿ, ಟ್ರ್ಯಾಕ್ಟರ್ ಬಿಚ್ಚುವವರಿಗೆ ದೊಡ್ಡದು ಬೇಕೇ ಬೇಕು, ನಿಮಗಲ್ಲ.

ಬ್ಯಾಟರಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಒಮ್ಮೆ ಹಬ್ ನಟ್ ಒಂದು ಹಟ ಹಿಡಿದು ಕೂತಿತ್ತು. ಗನ್‌ನಲ್ಲಿ 2 ಎಎಚ್ ಬ್ಯಾಟರಿ ಇತ್ತು. ಹದಿನೈದಿಪ್ಪತ್ತು ಸೆಕೆಂಡ್ ಟಕಟಕಟಕ ಅಂತ ಬಡಿದರೂ ನಟ್ ಕದಲಲಿಲ್ಲ. ಗನ್ ಸಾಲದು ಅಂದುಕೊಂಡೆ. ಚಾರ್ಜರ್ ಮೇಲಿದ್ದ 5 ಎಎಚ್ ಬ್ಯಾಟರಿ ಹಾಕಿ ಒತ್ತಿದೆ. ಏಟಿನ ಸದ್ದೇ ಬೇರೆ, ದಪ್ಪಗೆ, ಒತ್ತೊತ್ತಾಗಿ. ನಾಲ್ಕೈದು ಸೆಕೆಂಡಿಗೆ ನಟ್ ಕಿರ್ ಅಂದು ತಿರುಗಿತು. ಅದೇ ಗನ್, ಅದೇ ನಟ್.

ಕಾರಣ ಸರಳ. 18 ವೋಲ್ಟ್ ಬ್ಯಾಟರಿಯಲ್ಲಿ 3.6 ವೋಲ್ಟ್‌ನ ಐದು ಸೆಲ್ ಸಾಲಾಗಿ ಇರುತ್ತವೆ. 2 ಎಎಚ್‌ನಲ್ಲಿ ಸಾಮಾನ್ಯವಾಗಿ ಅಂಥ ಒಂದೇ ಸಾಲು, 5 ಎಎಚ್‌ನಲ್ಲಿ ಎರಡು. ಗನ್ ಜೋರಾಗಿ ಕರೆಂಟ್ ಎಳೆದಾಗ ಒಂದೇ ಸಾಲಿನ ವೋಲ್ಟೇಜ್ ಕುಸಿಯುತ್ತದೆ, ಮೋಟಾರ್ ನಿಧಾನವಾಗುತ್ತದೆ, ಏಟಿಗೆ ಜೀವ ಇರುವುದಿಲ್ಲ. ಎರಡು ಸಾಲಿದ್ದರೆ ಹೊರೆ ಹಂಚಿಹೋಗುತ್ತದೆ. ಅಂದರೆ ದೊಡ್ಡ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ ಅಷ್ಟೇ ಅಲ್ಲ, ಗನ್‌ಗೆ ಬಲವನ್ನೂ ಕೊಡುತ್ತದೆ.

‘20 ವೋಲ್ಟ್ ಮ್ಯಾಕ್ಸ್’ ಅಂತ ಕಂಡರೆ ಅದೂ ಇದೇ ಐದು ಸೆಲ್. ತುಂಬಿದ ಹೊಸತರಲ್ಲಿ 20 ತೋರಿಸುತ್ತದೆ, ಕೆಲಸದಲ್ಲಿ 18. ಇನ್ನು 88 ವಿಎಫ್, 388 ವಿಎಫ್ ಅಂತ ಬರೆದ ಅಗ್ಗದ ಗನ್‌ಗಳು ಬರುತ್ತವೆ. ಆ ವಿಎಫ್ ಅನ್ನುವುದು ವೋಲ್ಟ್ ಅಲ್ಲವೇ ಅಲ್ಲ. ಒಳಗಿರುವುದು ಇದೇ 18ರಿಂದ 21 ವೋಲ್ಟ್‌ನ ಬ್ಯಾಟರಿ. ಹಾಗೆ ಹೆಸರಿಟ್ಟು ಮಾರುವವರು ಬರೆದ ಟಾರ್ಕ್ ಸಂಖ್ಯೆಯನ್ನು ನಾನಂತೂ ನಂಬುವುದಿಲ್ಲ. ನಿಮ್ಮ ಹತ್ತಿರ ಈಗಾಗಲೇ ಯಾವುದಾದರೂ ಒಳ್ಳೆ ಕಂಪನಿಯ 18 ವೋಲ್ಟ್ ಡ್ರಿಲ್ ಇದ್ದರೆ ಅದೇ ಬ್ಯಾಟರಿಗೆ ಹೊಂದುವ ಗನ್ ಬರಿಯದು, ಅಂದರೆ ಬ್ಯಾಟರಿ ಚಾರ್ಜರ್ ಇಲ್ಲದ್ದು, ತೆಗೆದುಕೊಳ್ಳಿ. ಅಲ್ಲೇ ಒಂದಷ್ಟು ಖರ್ಚು ಉಳಿಯುತ್ತದೆ. ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ, ಶಾಖಕ್ಕೆ ಬೇಗ ಹಾಳಾಗುತ್ತದೆ.

ಇಂಪ್ಯಾಕ್ಟ್ ಡ್ರೈವರ್ ಅಂತ ಸಿಗುವುದು ಬೇರೆ ವಸ್ತು. ಅದರ ಮೂತಿಯಲ್ಲಿ ಕಾಲು ಇಂಚಿನ ಷಟ್ಕೋನದ ತೂತು, ಸ್ಕ್ರೂ ಹಾಕಲು. ಅಡಾಪ್ಟರ್ ಹಾಕಿ ವೀಲ್ ನಟ್‌ಗೆ ಬಳಸಬಹುದು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಅಡಾಪ್ಟರ್ ಮುರಿಯುತ್ತದೆ. ನಿಮಗೆ ಬೇಕಾದದ್ದು ಮುಂದೆ ಚೌಕ ಮೂತಿ ಇರುವುದು. ಆ ಮೂತಿಯಲ್ಲಿ ಸಾಕೆಟ್ ಹಿಡಿದುಕೊಳ್ಳಲು ಕೆಲವಕ್ಕೆ ರಿಂಗ್, ಕೆಲವಕ್ಕೆ ಪಿನ್ ಇರುತ್ತದೆ. ರಿಂಗ್ ಇರುವುದೇ ವಾಸಿ. ಗ್ರೀಸ್ ಕೈಯಲ್ಲೂ ಸಾಕೆಟ್ ಎಳೆದು ಬದಲಿಸಬಹುದು.

ಸಾಕೆಟ್ ವಿಷಯದಲ್ಲಿ ದಯವಿಟ್ಟು ಹೊಂದಾಣಿಕೆ ಮಾಡಿಕೊಳ್ಳಬೇಡಿ. ಮನೆಯಲ್ಲಿರುವ ಹೊಳೆಯುವ ಕ್ರೋಮ್ ಸಾಕೆಟ್‌ಗಳು ಕೈಯಲ್ಲಿ ತಿರುಗಿಸಲು ಮಾಡಿದವು. ಅವು ಗಡಸು, ಗೋಡೆ ತೆಳು, ಏಟಿಗೆ ಚೂರಾಗಿ ಸಿಡಿಯಬಹುದು. ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಸಾಮಾನ್ಯವಾಗಿ ಕ್ರೋಮ್ ಮಾಲಿಬ್ಡಿನಮ್ ಉಕ್ಕಿನದ್ದು, ಏಟು ತಿಂದು ತಾಳಿಕೊಳ್ಳುತ್ತದೆ. ಆರು ಮೂಲೆಯದ್ದೇ ಇರಲಿ. ಚಕ್ರಕ್ಕೆ 17, 19, 21 ಮಿಲಿಮೀಟರ್ ಸಾಕಾಗುತ್ತವೆ. ಅಲಾಯ್ ವೀಲ್ ಇದ್ದರೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ತೆಳು ಸಾಕೆಟ್ ತನ್ನಿ, ತೂತಿನ ಅಂಚಿಗೆ ಗೀರು ಬೀಳುವುದಿಲ್ಲ. ಕಣ್ಣು ಕಾಯುವ ಸುರಕ್ಷತಾ ಕನ್ನಡಕ ಹಾಕದೆ ಟ್ರಿಗರ್ ಒತ್ತಬೇಡಿ. ಕಿವಿಗೂ ಏನಾದರೂ ಇರಲಿ, ಈ ಗನ್ ಸದ್ದು 100 ಡೆಸಿಬೆಲ್ ಹತ್ತಿರ ಹೋಗುತ್ತದೆ.

ಗನ್‌ನಲ್ಲಿ ವೇಗದ ಮೂರು ಹಂತ ಇದ್ದರೆ ಒಳ್ಳೆಯದು. ಬಿಚ್ಚುವಾಗ ನಟ್ ಸಡಿಲವಾದ ಕೂಡಲೇ ತಾನೇ ನಿಲ್ಲುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು, ನಟ್ ಹಾರಿ ಎಲ್ಲೋ ಉರುಳಿಹೋಗುವುದು ತಪ್ಪುತ್ತದೆ. ಆದರೆ ಯಾವ ಹಂತವೂ ಟಾರ್ಕ್ ರೆಂಚ್‌ಗೆ ಬದಲಿ ಅಲ್ಲ. ಕಡಿಮೆ ಹಂತದಲ್ಲಿಟ್ಟು ನಟ್ ಮೆಲ್ಲಗೆ ಕೂರುವವರೆಗೆ ಮಾತ್ರ ಗನ್ ಓಡಿಸಿ. ಮೊದಲ ಏಟು ಕೇಳಿದ ತಕ್ಷಣ ಬಿಟ್ಟುಬಿಡಿ. ಆಮೇಲೆ ಟಾರ್ಕ್ ರೆಂಚ್‌ನಲ್ಲಿ ಎದುರುಬದುರು ನಟ್‌ಗಳನ್ನು ಹಿಡಿಯುತ್ತಾ ಬಿಗಿ ಮಾಡಿ. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಬಿಗಿದರೆ ಡಿಸ್ಕ್ ಸರಿಯಾಗಿ ಕೂರದೆ ಬ್ರೇಕ್ ಒತ್ತಿದಾಗ ಪೆಡಲ್ ಅದುರಬಹುದು. ಸ್ಪಾರ್ಕ್ ಪ್ಲಗ್, ಆಯಿಲ್ ಡ್ರೈನ್ ಬೋಲ್ಟ್, ಕ್ಯಾಲಿಪರ್‌ನ ಸ್ಲೈಡ್ ಪಿನ್, ಇವನ್ನು ಗನ್‌ನಲ್ಲಿ ಬಿಗಿಯಲೇಬೇಡಿ. ಇವೆಲ್ಲ 15ರಿಂದ 40ರೊಳಗಿನ ನಾಜೂಕು ಕೆಲಸ, ಅಲ್ಯೂಮಿನಿಯಂನ ಥ್ರೆಡ್ ಒಂದು ಸಲ ಹೋದರೆ ಖರ್ಚು ದೊಡ್ಡದು. ಕಳ್ಳರಿಗೆ ಸಿಗದಿರಲಿ ಅಂತ ಹಾಕುವ ವೀಲ್ ಲಾಕ್ ನಟ್‌ಗೂ ಕೈಯೇ ಸರಿ, ಗನ್ ಏಟಿಗೆ ಅದರ ಕೀ ಸವೆದು ಹೋಗುತ್ತದೆ.

ನಟ್ ಬಿಚ್ಚದಿದ್ದರೆ ಒಂದೇ ಸಮನೆ ಬಡಿಯುತ್ತಾ ಇರಬೇಡಿ. ತಂತಿ ಬ್ರಷ್‌ನಲ್ಲಿ ಥ್ರೆಡ್ ಮೇಲಿನ ತುಕ್ಕು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಒಂದೆರಡು ಸೆಕೆಂಡ್ ಬಿಗಿಯುವ ದಿಕ್ಕಿಗೆ, ಮತ್ತೆ ಬಿಚ್ಚುವ ದಿಕ್ಕಿಗೆ, ಹೀಗೆ ಹಿಂದೆಮುಂದೆ ಏಟು ಕೊಡಿ. ಹೆಚ್ಚಿನವು ಅಷ್ಟಕ್ಕೆ ಬಿಡುತ್ತವೆ.

ಕೊಳ್ಳುವ ಮುಂಚೆ ನಿಮ್ಮ ಕಾರಿನ ಸರ್ವಿಸ್ ಮ್ಯಾನುವಲ್‌ನಲ್ಲಿ ಹಬ್ ನಟ್ ಟಾರ್ಕ್ ಎಷ್ಟು ಕೊಟ್ಟಿದ್ದಾರೆ ಅಂತ ಒಮ್ಮೆ ನೋಡಿ. 250 ದಾಟಿದ್ದರೆ 300ರ ಬದಲು 500ರ ಕಡೆಯ ಗನ್ ಆರಿಸಿ. ಆ ಸಂಖ್ಯೆಯನ್ನೂ, ನಿಮ್ಮ ಹತ್ತಿರ ಈಗ ಯಾವ ಬ್ಯಾಟರಿ ಇದೆ ಅನ್ನುವುದನ್ನೂ ಇಲ್ಲಿ ಬರೆದರೆ ಯಾವ ಗನ್ ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.